ನಿನ್ನೆಯ ಅಂಕಿಯನ್ನು ಇಂದು ತಿದ್ದಬಹುದೇ?

1994ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾಲಯದಲ್ಲಿ ಹೊರಜಗತ್ತಿಗಿದ್ದ ಇಂಟರ್ನೆಟ್ ದಾರಿ ಒಂದೇ ಒಂದು. ಅದರ ಸಾಮರ್ಥ್ಯ ಸೆಕೆಂಡಿಗೆ 64 ಕಿಲೋಬಿಟ್. ಆ ದಾರಿ ಈಗ ಎಷ್ಟು ತುಂಬಿದೆ ಎನ್ನುವುದು ಅಲ್ಲಿದ್ದ ಎಲ್ಲರ ಪ್ರಶ್ನೆ. ಅಲ್ಲಿ ಕೆಲಸಕ್ಕಿದ್ದ ಟೋಬಿಯಾಸ್ ಓಟಿಕರ್ ಅದಕ್ಕೊಂದು ಪುಟ್ಟ ಪ್ರೋಗ್ರಾಂ ಬರೆದರು. ಐದು ನಿಮಿಷಕ್ಕೊಮ್ಮೆ ರೂಟರ್ ಅನ್ನು ಕೇಳುವುದು, ಬಂದ ಅಂಕಿಯನ್ನು ಬರೆದಿಡುವುದು, ಅದರಿಂದ ನಕ್ಷೆ ಬಿಡಿಸುವುದು: ಇಷ್ಟೇ ಅದರ ಕೆಲಸ. 1995ರಲ್ಲಿ ಅದು ‘ಎಂಆರ್‌ಟಿಜಿ’ ಎಂಬ ಹೆಸರಿನಲ್ಲಿ ಹೊರಬಂದು, ನೆಟ್‌ವರ್ಕ್ ನೋಡಿಕೊಳ್ಳುವವರ ನಿತ್ಯದ ಒಡನಾಡಿಯಾಯಿತು.

ಐದು ನಿಮಿಷಕ್ಕೊಂದು ಅಂಕಿಯೆಂದರೆ ದಿನಕ್ಕೆ 288, ವರ್ಷಕ್ಕೆ ಲಕ್ಷಕ್ಕೂ ಮೇಲೆ. ಒಂದು ರೂಟರ್ ಇದ್ದಾಗ ಇದು ಸುಲಭದ ಲೆಕ್ಕ. ಸಾವಿರಾರು ಯಂತ್ರಗಳು ಮಾತಾಡತೊಡಗಿದಾಗ ಬೇರೆಯದೇ ಜಾತಿಯ ಕಡತ ಬೇಕಾಯಿತು. ಇಂದು ನಾವು ಟೈಮ್ ಸೀರೀಸ್ ಡೇಟಾಬೇಸ್ ಎಂದು ಕರೆಯುವುದು ಅದನ್ನೇ. ಸರ್ವರ್, ವಿದ್ಯುತ್ ಮೀಟರ್, ಕಾರ್ಖಾನೆಯ ಬಾಯ್ಲರ್, ಮಳೆಮಾಪಕ ಎಲ್ಲದರ ಮಾತೂ ಇದರಲ್ಲಿ ಒಂದೇ ರೂಪಕ್ಕೆ ಬರುತ್ತದೆ: ಯಾರು, ಯಾವಾಗ, ಎಷ್ಟು. ಹೊಸ ದಾಖಲೆ ಸೇರಿಸುವುದು ಇಲ್ಲಿ ಹಗಲೂ ರಾತ್ರಿ ನಡೆಯುವ ಕೆಲಸ. ಬರೆದದ್ದನ್ನು ತಿದ್ದುವ ಸಂದರ್ಭವೇ ಅಪರೂಪ. ಆದರೆ ಈ ಡೇಟಾಬೇಸ್‌ಗಳ ಮೂವತ್ತು ವರ್ಷಗಳ ಕಥೆಯನ್ನು ನಡೆಸಿಕೊಂಡು ಬಂದದ್ದು ಆ ಅಪರೂಪದ ಕೆಲಸವೇ.

ಹಿಂದೆ ಹೋಗುವಂತಿಲ್ಲ

1999ರಲ್ಲಿ ಓಟಿಕರ್ ಅವರೇ ‘ಆರ್‌ಆರ್‌ಡಿಟೂಲ್’ ತಂದರು. ಅದರ ಫೈಲ್ ಹುಟ್ಟುವಾಗ ಎಷ್ಟು ದೊಡ್ಡದಿರುತ್ತದೋ ಕೊನೆಯವರೆಗೂ ಅಷ್ಟೇ ಇರುತ್ತದೆ. ಜಾಗ ಮುಗಿದರೆ ಅತಿ ಹಳೆಯ ಅಂಕಿಯ ಮೇಲೆಯೇ ಹೊಸದು ಬಂದು ಕೂರುತ್ತದೆ. ಹಳೆಯದು ಪೂರ್ತಿ ಕಳೆದುಹೋಗದಂತೆ ಅದರ ಸರಾಸರಿಯನ್ನೋ ಗರಿಷ್ಠವನ್ನೋ ಇನ್ನೊಂದೆಡೆ ಕಾಪಾಡಿಕೊಳ್ಳುತ್ತದೆ. ಡಿಸ್ಕ್ ದುಬಾರಿಯಾಗಿದ್ದ ಕಾಲಕ್ಕೆ ಇದು ಬಹಳ ಜಾಣ ಏರ್ಪಾಡು.

ಇದಕ್ಕೊಂದು ಕಟ್ಟುನಿಟ್ಟಿತ್ತು. ಕೊನೆಯದಾಗಿ ಬರೆದ ಸಮಯಕ್ಕಿಂತ ಹಿಂದಿನ ಸಮಯದ ಅಂಕಿ ಕೊಟ್ಟರೆ ಆರ್‌ಆರ್‌ಡಿಟೂಲ್ ಅದನ್ನು ಅಕ್ರಮ ಪ್ರಯತ್ನವೆಂದು ಹೇಳಿ ತಿರಸ್ಕರಿಸುತ್ತಿತ್ತು. ಕಾರಣ ಸರಳ. ಹನ್ನೆರಡು ಅಂಕಿಗಳನ್ನು ಕೂಡಿಸಿ ಒಂದು ಗಂಟೆಯ ಸರಾಸರಿ ಬರೆದು, ಬಿಡಿ ಅಂಕಿಗಳ ಜಾಗವನ್ನು ಬೇರೆಯವಕ್ಕೆ ಕೊಟ್ಟಾದ ಮೇಲೆ, ಅವುಗಳಲ್ಲಿ ಐದನೆಯದು ತಪ್ಪಿತ್ತು ಎಂದು ಯಾರಾದರೂ ಬಂದರೆ ತಿದ್ದಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಪ್ರವಾಸದ ಟಿಕೆಟ್ ಮಾರುವ ಅಮೆರಿಕದ ಆರ್ಬಿಟ್ಜ್ ಕಂಪನಿಗೆ ಈ ನಿಯಮ ತೊಡಕಾಯಿತು. ಅಲ್ಲಿನ ಕ್ರಿಸ್ ಡೇವಿಸ್ 2006ರಲ್ಲಿ ‘ಗ್ರಾಫೈಟ್’ ಕಟ್ಟಿದರು. 2008ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಅದರ ಫೈಲ್ ರೂಪದ ಹೆಸರು ‘ವಿಸ್ಪರ್’. ಆರ್‌ಆರ್‌ಡಿಟೂಲ್ ಬಿಟ್ಟು ಇದನ್ನು ಹೊಸದಾಗಿ ಬರೆಯಲು ಇದ್ದ ಕಾರಣಗಳಲ್ಲಿ ಮುಖ್ಯವಾದದ್ದು, ತಡವಾಗಿ ಬಂದ ಅಂಕಿಗೂ ಜಾಗ ಸಿಗಬೇಕು ಎನ್ನುವುದು. ವಿಸ್ಪರ್‌ನಲ್ಲಿ ಪ್ರತಿ ದಾಖಲೆಗೆ 12 ಬೈಟ್: ಸಮಯಕ್ಕೆ 4, ಬೆಲೆಗೆ 8. ಸಮಯ ನೋಡಿದರೆ ಫೈಲ್‌ನೊಳಗಿನ ಮನೆ ಯಾವುದೆಂದು ಗೊತ್ತಾಗುತ್ತದೆ. ಆ ಮನೆಗೆ ನೇರವಾಗಿ ಹೋಗಿ ಬರೆಯಬಹುದು, ಮೊದಲೇ ಬರೆದದ್ದಿದ್ದರೆ ಅದರ ಮೇಲೆಯೇ ಬರೆಯಬಹುದು.

ತಿದ್ದುವ ಸ್ವಾತಂತ್ರ್ಯವೇನೋ ಬಂತು, ಹೊಸ ಕಷ್ಟ ಡಿಸ್ಕ್‌ನಿಂದ ಶುರುವಾಯಿತು. ಅಳೆಯುವ ಪ್ರತಿ ಸಂಗತಿಗೂ ಇಲ್ಲಿ ಒಂದೊಂದು ಫೈಲ್. ನಿಮಿಷಕ್ಕೊಮ್ಮೆ 60 ಸಾವಿರ ಸಂಗತಿಗಳ ಅಂಕಿ ಬಂದರೆ ಮಿಲಿಸೆಕೆಂಡಿಗೆ ಒಂದು ಫೈಲ್ ಮುಟ್ಟಬೇಕು. ಆ ಕಾಲದ ತಿರುಗುವ ಡಿಸ್ಕ್‌ನ ಮುಳ್ಳು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯಲು ಹಲವು ಮಿಲಿಸೆಕೆಂಡ್ ಬೇಕಿತ್ತು. ಹಾಗಾಗಿ ಬಂದದ್ದನ್ನು ಕೂಡಲೇ ಡಿಸ್ಕ್‌ಗೆ ಹಾಕದೆ, ಮೆಮೊರಿಯಲ್ಲಿ ತಡೆದಿಟ್ಟು, ಒಂದು ಫೈಲ್‌ಗೆ ಸೇರಿದ ಹಲವು ಅಂಕಿಗಳನ್ನು ಒಟ್ಟಿಗೆ ಬರೆಯುವ ಉಪಾಯ ಹೂಡಬೇಕಾಯಿತು.

ಸೇರಿಸುವುದೇ ತಿದ್ದುವುದು

ಈ ಉಪಾಯಕ್ಕೆ ಶಾಸ್ತ್ರೀಯ ರೂಪ ಅದಾಗಲೇ ಸಿಕ್ಕಿತ್ತು. 1996ರಲ್ಲಿ ಪ್ಯಾಟ್ರಿಕ್ ಓನೀಲ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವದು. ಬಂದದ್ದನ್ನು ಮೆಮೊರಿಯಲ್ಲಿ ಕಲೆಹಾಕಿ, ವಿಂಗಡಿಸಿ, ಡಿಸ್ಕ್‌ಗೆ ಒಂದೇ ಓಟದಲ್ಲಿ ಇಳಿಸುವುದು. ಹಳೆಯದಕ್ಕೆ ಕೈಹಚ್ಚದೆ, ಬಿಡುವಾದಾಗ ಹಳೆಯದನ್ನೂ ಹೊಸದನ್ನೂ ಬೆಸೆಯುವುದು. ಪಾಲ್ ಡಿಕ್ಸ್ ತಂಡ 2013ರಲ್ಲಿ ಹೊರತಂದ ‘ಇನ್‌ಫ್ಲಕ್ಸ್‌ಡಿಬಿ’ ಇದೇ ದಾರಿಯಲ್ಲಿ ನಡೆಯಿತು.

ಇನ್‌ಫ್ಲಕ್ಸ್‌ಡಿಬಿಯ ಪ್ರಶ್ನಾಭಾಷೆಯಲ್ಲಿ ‘ತಿದ್ದು’ ಎಂಬ ಆದೇಶವೇ ಇರಲಿಲ್ಲ. ತಿದ್ದಬೇಕೆಂದರೆ ಮತ್ತೊಮ್ಮೆ ಬರೆಯಬೇಕು. ಆಗುಂಬೆಯ ಮಾಪಕದ ಹೆಸರಿನಲ್ಲಿ ಬೆಳಿಗ್ಗೆ 8.15ಕ್ಕೆ 4.5 ಮಿಲಿಮೀಟರ್ ಎಂದು ದಾಖಲಾಗಿದೆ ಎನ್ನಿ. ಅದೇ ಮಾಪಕ, ಅದೇ ಸಮಯಕ್ಕೆ 6.5 ಎಂದು ಇನ್ನೊಮ್ಮೆ ಕಳಿಸಿದರೆ ಹೊಸದೇ ನಿಲ್ಲುತ್ತದೆ, 4.5 ಇತ್ತೆಂಬ ಗುರುತೂ ಉಳಿಯುವುದಿಲ್ಲ. ಸಮಯದಲ್ಲಿ ಒಂದು ನ್ಯಾನೋಸೆಕೆಂಡ್ ವ್ಯತ್ಯಾಸವಾದರೂ, ಮಾಪಕದ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ತಿದ್ದುಪಡಿಯಾಗುವ ಬದಲು ಇನ್ನೊಂದು ದಾಖಲೆ ಹುಟ್ಟುತ್ತದೆ. ಆಗ ಮೊತ್ತದಲ್ಲಿ ಎರಡೂ ಸೇರಿ, ಬಾರದ ಮಳೆ ಬಂದಂತಾಗುತ್ತದೆ. ಈ ಡೇಟಾಬೇಸ್ ಬಳಸುವವರು ಮೊದಲು ಕಲಿಯಬೇಕಾದ ಪಾಠ ಇದು.

2015ರಲ್ಲಿ ಫೇಸ್‌ಬುಕ್ ಎಂಜಿನಿಯರುಗಳು ‘ಗೊರಿಲ್ಲಾ’ ಎಂಬ ವ್ಯವಸ್ಥೆಯ ಪ್ರಬಂಧ ಪ್ರಕಟಿಸಿದರು. 16 ಬೈಟ್ ಬೇಡುವ ಒಂದು ದಾಖಲೆಯನ್ನು ಸರಾಸರಿ 1.37 ಬೈಟ್‌ಗೆ ಇಳಿಸಿದ್ದು ಅದರ ಸಾಧನೆ. ಗುಟ್ಟು ಇರುವುದು ವ್ಯತ್ಯಾಸದಲ್ಲಿ. 10.00, 10.01, 10.02 ಎಂದು ಪ್ರತಿ ಸಮಯವನ್ನೂ ಪೂರ್ತಿ ಬರೆಯುವ ಅಗತ್ಯವಿಲ್ಲ. ಅಂತರ ಪ್ರತಿ ಸಲ 60 ಸೆಕೆಂಡ್. ಈ ಅಂತರ ಹಿಂದಿನ ಅಂತರಕ್ಕಿಂತ ಎಷ್ಟು ಬೇರೆ? ಸೊನ್ನೆ. ಆ ಸೊನ್ನೆಗೆ ಒಂದು ಬಿಟ್ ಸಾಕು. ಫೇಸ್‌ಬುಕ್‌ನಲ್ಲಿ ಶೇ 96ರಷ್ಟು ಟೈಮ್‌ಸ್ಟ್ಯಾಂಪ್‌ಗಳು ಹೀಗೆ ಒಂದೊಂದೇ ಬಿಟ್‌ಗೆ ಇಳಿದವು. ಬೆಲೆಯನ್ನೂ ಹಿಂದಿನ ಬೆಲೆಯೊಂದಿಗೆ ಹೋಲಿಸಿ, ಬದಲಾದ ಭಾಗವನ್ನಷ್ಟೇ ಬರೆದರು.

ಉಳಿತಾಯದ ಬೆಲೆಯನ್ನು ತೆರಬೇಕಾದದ್ದು ತಿದ್ದುವಾಗ. ಒತ್ತಾಗಿ ಕಟ್ಟಿದ ಮಲ್ಲಿಗೆ ಮಾಲೆಯ ನಡುವಿನ ಒಂದು ಹೂವನ್ನು ಬದಲಿಸಬೇಕಾದರೆ ಅಲ್ಲಿಂದಾಚೆಗಿನ ಗಂಟುಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕಲ್ಲವೇ? ಇಲ್ಲೂ ಪ್ರತಿ ದಾಖಲೆ ನಿಂತಿರುವುದು ಹಿಂದಿನದರ ಆಸರೆಯಲ್ಲಿ. ಒಂದು ಅಂಕಿ ಸರಿಪಡಿಸಲು ಅದರೊಂದಿಗೆ ಒತ್ತಿಟ್ಟ ಅಂಕಿಗಳ ಇಡೀ ತುಂಡನ್ನು ಬಿಡಿಸಿ, ತಿದ್ದಿ, ಮತ್ತೆ ಒತ್ತಬೇಕು. ಹಾಗಾಗಿಯೇ ಅನೇಕರು ಒತ್ತಿದ ತುಂಡನ್ನು ಮುಟ್ಟದಿರುವುದೇ ಒಳಿತೆಂದು ನಿಯಮ ಮಾಡಿದರು.

ಮತ್ತೆ ತೆರೆದ ಬಾಗಿಲು

ಬರ್ಲಿನ್‌ನ ಸೌಂಡ್‌ಕ್ಲೌಡ್‌ ಕಂಪನಿಯಲ್ಲಿ 2012ರಲ್ಲಿ ಹುಟ್ಟಿದ ‘ಪ್ರೊಮೀಥಿಯಸ್’ 2017ರಲ್ಲಿ ಹೊಸ ಸಂಗ್ರಹ ವಿಧಾನಕ್ಕೆ ಬದಲಾಯಿತು. ಅಂಕಿಗಳು ಎರಡೆರಡು ಗಂಟೆಗಳ, ಬದಲಾಗದ ತುಂಡುಗಳಲ್ಲಿ ಕೂತವು. ಕ್ರಮ ತಪ್ಪಿ ಬಂದ ಅಂಕಿಗೆ ಪ್ರವೇಶವಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಬಂದ 2.39ನೇ ಆವೃತ್ತಿ, ಗೊತ್ತುಪಡಿಸಿದ ಅವಧಿಯೊಳಗೆ ತಡವಾಗಿ ಬಂದವನ್ನು ಒಳಬಿಡುವ ಸೌಲಭ್ಯವನ್ನು ಪ್ರಾಯೋಗಿಕವಾಗಿ ಕೊಟ್ಟಿತು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಕಟ್ಟಿದ ‘ಟೈಮ್‌ಸ್ಕೇಲ್‌ಡಿಬಿ’ಯದೂ ಇಂಥದೇ ನಡೆ. ಒತ್ತಿದ ತುಂಡಿನೊಳಗೆ ಹೊಸ ದಾಖಲೆ ಸೇರಿಸಲು 2021ರಲ್ಲಿ, ಇದ್ದದ್ದನ್ನು ತಿದ್ದಲು ಮತ್ತು ಅಳಿಸಲು 2023ರಲ್ಲಿ ಅದು ಅನುವು ಮಾಡಿಕೊಟ್ಟಿತು.

ಬಾಗಿಲು ಮತ್ತೆ ತೆರೆಯಲು ಒಂದು ಕಾರಣ, ಅಳತೆಯ ಯಂತ್ರಗಳು ಸರ್ವರ್ ಕೋಣೆ ಬಿಟ್ಟು ಬಯಲಿಗೆ ಬಂದದ್ದು. ನಮ್ಮಲ್ಲೇ ನೋಡಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ, ಹದಿನೈದು ನಿಮಿಷಕ್ಕೊಮ್ಮೆ ಅಳೆಯುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಸಿಗ್ನಲ್ ಹೋಗುವುದು, ಕರೆಂಟ್ ಕೈಕೊಡುವುದು ಹೊಸದೇನಲ್ಲ. ಬಯಲಲ್ಲಿ ನಿಂತ ಯಾವ ಯಂತ್ರವಾದರೂ ಸಂಪರ್ಕ ಮರಳಿದಾಗ ಹಿಂದಿನ ಅಂಕಿಗಳನ್ನು ಒಟ್ಟಿಗೆ ಕಳಿಸಬಹುದು. ತಡವಾಗಿ ಬಂತೆಂಬ ಒಂದೇ ಕಾರಣಕ್ಕೆ ಸತ್ಯವಾದ ಅಂಕಿಯನ್ನು ಬಿಸಾಡುವುದು ಸರಿಯಲ್ಲ.

ಹಾಗೆಂದು ಹಳೆಯದನ್ನು ಸದ್ದಿಲ್ಲದೆ ಅಳಿಸಿ ಬರೆಯುವುದೂ ಸರಿಯಲ್ಲ. ರಿಚರ್ಡ್ ಸ್ನಾಡ್‌ಗ್ರಾಸ್ ಮತ್ತು ಇಲ್ಸೂ ಆನ್ 1985ರಲ್ಲೇ ಇದಕ್ಕೆ ದಾರಿ ತೋರಿದ್ದರು. ಪ್ರತಿ ದಾಖಲೆಗೂ ಎರಡು ಕಾಲಗಳಿರಲಿ: ಸಂಗತಿ ನಡೆದದ್ದು ಯಾವಾಗ, ಅದು ಡೇಟಾಬೇಸ್‌ಗೆ ತಿಳಿದದ್ದು ಯಾವಾಗ. ಹೀಗಿದ್ದರೆ ಆಗುಂಬೆಯ ಆ 4.5 ಹಾಗೇ ಉಳಿಯುತ್ತದೆ, ಅದರ ಪಕ್ಕದಲ್ಲಿ 6.5 ಬಂದ ದಿನವೂ ಉಳಿಯುತ್ತದೆ. 2011ರ ಎಸ್‌ಕ್ಯೂಎಲ್ ಮಾನದಂಡ ಇದಕ್ಕೆ ಮನ್ನಣೆ ಕೊಟ್ಟಿದೆ. ಸೆಕೆಂಡಿಗೆ ಲಕ್ಷಗಟ್ಟಲೆ ಅಂಕಿ ನುಂಗುವ ವ್ಯವಸ್ಥೆಗಳಲ್ಲಿ ಎಲ್ಲದಕ್ಕೂ ಇದನ್ನು ಮಾಡಹೊರಟರೆ ಭಾರವಾಗುತ್ತದೆ, ನಿಜ. ಆದರೆ ತಿದ್ದುವುದು ಅಪರೂಪದ ಕೆಲಸ ಎಂದಮೇಲೆ, ತಿದ್ದಿದವಕ್ಕಷ್ಟೇ ಲೆಕ್ಕ ಇಡುವ ಖರ್ಚೂ ಕಡಿಮೆಯೇ.

ಇದು ಎಂಜಿನಿಯರುಗಳ ನಡುವೆ ಮುಗಿಯುವ ಮಾತಲ್ಲ. ಕರಾವಳಿ, ಮಲೆನಾಡಿನ ಅಡಿಕೆ ಮತ್ತು ಕಾಳುಮೆಣಸು ಬೆಳೆಗಾರರಿಗೆ ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರ ಸಿಗುವುದೋ ಇಲ್ಲವೋ ಎಂಬುದು ಮಳೆಯ ಅಂಕಿಗಳ ಮೇಲೆ ನಿಂತಿದೆ. ಯಾವ ಅಂಕಿ ಮಾಪಕ ಅಳೆದದ್ದು, ಯಾವುದು ಆಮೇಲೆ ತುಂಬಿಸಿದ್ದು, ತುಂಬಿಸಿದ್ದು ಯಾವಾಗ ಎಂದು ಕೇಳುವ ಹಕ್ಕು ಅವರಿಗಿದೆ. ಅದಕ್ಕೆ ಉತ್ತರ ಕೊಡಲಾರದ ಡೇಟಾಬೇಸ್ ಎಷ್ಟೇ ವೇಗವಾಗಿ ಬರೆಯಲಿ, ಎಷ್ಟೇ ಜಾಗ ಉಳಿಸಲಿ, ಸಾರ್ವಜನಿಕ ಕಡತವಾಗಲು ಯೋಗ್ಯವಲ್ಲ.