ಊರೂರು ತಿರುಗುವ ಉದ್ಯೋಗಿ: ಕೆಲಸವೂ ಸಾಗಲಿ, ಮನೆಯೂ ಹತ್ತಿರವಿರಲಿ

ಮುಂಬಯಿ ಕನ್ನಡಿಗರಲ್ಲಿ ಬ್ಯಾಂಕು, ವಿಮೆ, ಔಷಧ ಕಂಪೆನಿಗಳ ಕೆಲಸಕ್ಕಾಗಿ ಊರೂರು ತಿರುಗುವವರು ಕಡಿಮೆಯೇನಿಲ್ಲ. ಶಾಖೆಗಳ ತಪಾಸಣೆಗೆಂದು ವರ್ಷಗಳಿಂದ ಪ್ರಯಾಣಿಸುತ್ತಿರುವ ನಾವೂ ಅವರಲ್ಲೊಬ್ಬರು. ಹಿಂದೆ ಎಸ್‌ಟಿಡಿ ಬೂತಿನ ಮುಂದೆ ರಾತ್ರಿಯ ದರ ಇಳಿಯುವವರೆಗೆ ಕಾದು, ಮನೆಯವರೊಡನೆ ಎರಡು ಮಾತಾಡಿ ಮುಗಿಸುತ್ತಿದ್ದೆವು. ಈಗ ಕೈಯಲ್ಲೇ ಮೊಬೈಲ್ ಇದೆ. ಆದರೆ ಸದಾ ಸಂಪರ್ಕದಲ್ಲಿದ್ದೇವೆ ಎಂಬ ಭರವಸೆಯೇ ಕೆಲವೊಮ್ಮೆ ಮೋಸಗೊಳಿಸುತ್ತದೆ.

ಕೆಲವು ವರ್ಷಗಳ ಹಿಂದೆ ಉಡುಪಿಗೆ ರೈಲಿನಲ್ಲಿ ಹೊರಟಿದ್ದೆವು. ವರದಿ ಸಿದ್ಧಪಡಿಸುವ ಭರದಲ್ಲಿ ಮೊಬೈಲಿನ ಬ್ಯಾಟರಿ ಬರಿದಾದುದು ಗಮನಕ್ಕೆ ಬರಲಿಲ್ಲ. ಅದೇ ರಾತ್ರಿ ನಮ್ಮ ವೃದ್ಧ ತಾಯಿಯವರನ್ನು ಉಸಿರಾಟದ ತೊಂದರೆಯಿಂದ ಆಸ್ಪತ್ರೆಗೆ ಸೇರಿಸಬೇಕಾಯಿತು. ವಿಮೆಯ ಕಾರ್ಡು ಎಲ್ಲಿದೆಯೆಂದು ಕೇಳಲು ಮಡದಿ ಹನ್ನೊಂದು ಬಾರಿ ಕರೆ ಮಾಡಿದ್ದರು. ನಮಗೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ತಾಯಿಯವರು ಚೇತರಿಸಿಕೊಂಡರು, ನಾವು ಮಾತ್ರ ಪ್ರಯಾಣದ ರೀತಿಯನ್ನೇ ಬದಲಿಸಿಕೊಂಡೆವು.

ಮೊದಲನೆಯದು ಕೆಲಸದ ವಿಂಗಡಣೆ. 1998ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ಕೊಂಕಣ ರೈಲುಮಾರ್ಗವು ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ ಸುಮಾರು 740 ಕಿ.ಮೀ. ಉದ್ದವಿದೆ. ದಾರಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳು. ರತ್ನಾಗಿರಿ ಸಮೀಪದ ಕರ್ಬುಡೆ ಸುರಂಗವೊಂದೇ ಆರೂವರೆ ಕಿ.ಮೀ. ಮಾತು ಮಧ್ಯದಲ್ಲೇ ತುಂಡಾಗುವ ಈ ಹಾದಿಯಲ್ಲಿ ಕಚೇರಿಯ ಕರೆಗಳಿಗೆ ಕಾದು ಫಲವಿಲ್ಲ. ಆದುದರಿಂದ ಕರೆ, ಮಿಂಚಂಚೆಗಳನ್ನು ರೋಹಾ ತಲಪುವ ಮುನ್ನವೇ ಮುಗಿಸುತ್ತೇವೆ. ಅನಂತರದ್ದು ಓದುವ, ಟಿಪ್ಪಣಿ ಬರೆಯುವ ಹೊತ್ತು. ಬೇಕಾದ ಕಡತಗಳನ್ನು ಮನೆಯಲ್ಲಿಯೇ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿರುತ್ತೇವೆ.

ಎರಡನೆಯದು ವಿದ್ಯುತ್. ಬೆಂಕಿ ಅನಾಹುತ ತಡೆಯಲು ರೈಲ್ವೆಯು 2021ರಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಬೋಗಿಯ ಚಾರ್ಜಿಂಗ್ ಪ್ಲಗ್‌ಗಳನ್ನು ಸ್ಥಗಿತಗೊಳಿಸುವ ಕ್ರಮ ಕೈಗೊಂಡಿತು. ಮಲಗುವ ಮುನ್ನವೇ ಮೊಬೈಲನ್ನು ಚಾರ್ಜ್ ಮಾಡಿಕೊಳ್ಳುವುದು ಲೇಸು. ಪವರ್‌ಬ್ಯಾಂಕ್ ಜತೆಗಿರಲಿ. ವಿಮಾನದಲ್ಲಾದರೆ ಅದನ್ನು ಕೈಚೀಲದಲ್ಲೇ ಒಯ್ಯಬೇಕು.

ಮೂರನೆಯದು ಎಚ್ಚರ. 2016ರಲ್ಲಿ ಮುಂಬಯಿ ಸೆಂಟ್ರಲ್‌ನಿಂದ ಆರಂಭವಾದ ಉಚಿತ ವೈಫೈ ಅನೇಕ ನಿಲ್ದಾಣಗಳಿಗೆ ಹಬ್ಬಿದೆ. ಪತ್ರಿಕೆ ಓದಲು ಅದು ಸಾಕು. ಹಣದ ವ್ಯವಹಾರಕ್ಕೆ, ಕಚೇರಿಯ ದಾಖಲೆಗಳಿಗೆ ನಿಮ್ಮ ಮೊಬೈಲಿನ ಡೇಟಾವನ್ನೇ ಬಳಸಿರಿ. ಬ್ಯಾಂಕಿನವರೆಂದು ಹೇಳಿಕೊಂಡವರಿಗೂ ಓಟಿಪಿಯನ್ನು ತಿಳಿಸಕೂಡದು.

ಕೊನೆಯದಾಗಿ, ಮನೆ. ಹೊರಡುವ ಮುನ್ನ ರೈಲು, ಬೋಗಿ, ಬರ್ತುಗಳ ಸಂಖ್ಯೆ, ವಸತಿಗೃಹದ ಹಾಗೂ ಶಾಖೆಯ ದೂರವಾಣಿ, ವೈದ್ಯರ ಮತ್ತು ನೆರೆಮನೆಯವರ ಸಂಖ್ಯೆ, ವಿಮೆಯ ಕಾರ್ಡು ಇರುವ ಜಾಗ ಇಷ್ಟನ್ನೂ ಬರೆದ ಚೀಟಿಯೊಂದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತೇವೆ. ಯಾವ ಹೊತ್ತಿನಲ್ಲಿ ಕರೆ ಸಿಗದೆಂಬುದನ್ನೂ ಅದರಲ್ಲಿ ಬರೆದಿರುತ್ತೇವೆ. ಊರು ತಲಪಿದ ಮೇಲೆ ರಾತ್ರಿ ಒಂಬತ್ತರ ಕರೆ ಮನೆಯವರಿಗೇ ಮೀಸಲು. ಆಗ ಕಚೇರಿಯ ಮಾತಿಲ್ಲ.

ಎಲ್ಲ ಹೊತ್ತಿನಲ್ಲೂ ಕೈಗೆ ಸಿಗುವುದು ಯಾರಿಂದಲೂ ಆಗದು. ನಾವು ಸಿಗದ ಹೊತ್ತಿನಲ್ಲಿ ಮನೆಯವರು ದಿಕ್ಕುಗಾಣದೆ ನಿಲ್ಲಬಾರದು, ಅಷ್ಟೇ.