ಸಂಸ್ಕಾರಕದ ಆಯ್ಕೆ

ಎರೆಭೂಮಿಯ ಒಕ್ಕಲಿಗನು ಎತ್ತುಗಳನ್ನು ಕೊಳ್ಳುವಾಗ ಒಂದೊಂದರ ಕಸುವನ್ನಷ್ಟೇ ನೋಡುವುದಿಲ್ಲ, ಜೋಡಿಯನ್ನು ನೋಡುತ್ತಾನೆ. ಒಂದು ಎತ್ತು ಬಲಿಷ್ಠವಾಗಿದ್ದು ಇನ್ನೊಂದು ದುರ್ಬಲವಾಗಿದ್ದರೆ ಬಂಡಿಯು ದುರ್ಬಲವಾದುದರ ನಡಿಗೆಯಲ್ಲಿಯೇ ಸಾಗುತ್ತದೆ. ಬಲಿಷ್ಠವಾದುದಕ್ಕೆ ತೆತ್ತ ಹೆಚ್ಚಿನ ಬೆಲೆ ವ್ಯರ್ಥವಾಗುತ್ತದೆ. ಈ ಹಳೆಯ ವಿವೇಕವು ಗಣಕಯಂತ್ರವನ್ನು ಕೊಳ್ಳುವಲ್ಲಿಯೂ ಅಷ್ಟೇ ಸತ್ಯವಾದುದು.

ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳು ವಾಣಿಜ್ಯಕ್ಕೆ ಹೆಸರಾದಂತೆ ವಿದ್ಯೆಗೂ ಹೆಸರಾಗಿವೆ. ಹುಬ್ಬಳ್ಳಿಯಲ್ಲಿ 1947ರಲ್ಲಿ ಬಿ. ವಿ. ಭೂಮರಡ್ಡಿ ತಾಂತ್ರಿಕ ಮಹಾವಿದ್ಯಾಲಯ ಸ್ಥಾಪಿತವಾಯಿತು. ಧಾರವಾಡದಲ್ಲಿ 2016ರಲ್ಲಿ ಐ.ಐ.ಟಿ. ಆರಂಭವಾಯಿತು. ಕುಂದಗೋಳ, ನವಲಗುಂದ, ಕಲಘಟಗಿಗಳ ಹಳ್ಳಿಗಳಿಂದಲೂ ಇಲ್ಲಿಗೆ ಓದಲು ಬರುವ ತರುಣರಿದ್ದಾರೆ. ಅಂಥವರಲ್ಲಿ ಹಲವರಿಗೆ ಅಭ್ಯಾಸಕ್ಕೂ ಬಿಡುವಿನ ವೇಳೆಯ ಆಟಕ್ಕೂ ಒದಗುವ ಗಣಕಯಂತ್ರವೊಂದು ಬೇಕೆನಿಸುತ್ತದೆ. ಅದಕ್ಕಾಗಿ ತಂದೆತಾಯಿಗಳು ಕೊಡುವ ಹಣವು ಕೆಲವೊಮ್ಮೆ ಹತ್ತಿಯ ಅಥವಾ ಮೆಣಸಿನಕಾಯಿಯ ಒಂದು ಫಸಲಿನ ಉಳಿತಾಯವೇ ಆಗಿರುತ್ತದೆ. ಆ ಹಣವನ್ನು ಎರಡು ಸಲ ಖರ್ಚು ಮಾಡಲು ಬರುವುದಿಲ್ಲ. ಆದುದರಿಂದ ಯಾವ ಭಾಗಕ್ಕೆ ಎಷ್ಟು ವೆಚ್ಚ ಮಾಡಬೇಕೆಂಬುದನ್ನು ಅಂಗಡಿಗೆ ಹೋಗುವ ಮೊದಲೇ ತಿಳಿದಿರುವುದು ಒಳ್ಳೆಯದು.

ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಮುಖ್ಯ ಅಂಗಕ್ಕೆ ಸಂಸ್ಕಾರಕ ಅಥವಾ ಪ್ರೊಸೆಸರ್ ಎಂದು ಹೆಸರು. 1971ರಲ್ಲಿ ಇಂಟೆಲ್ ಸಂಸ್ಥೆಯು ಮಾರುಕಟ್ಟೆಗೆ ತಂದ 4004 ಎಂಬ ಸಂಸ್ಕಾರಕದಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. ಇಂದಿನ ಸಾಮಾನ್ಯ ಸಂಸ್ಕಾರಕದಲ್ಲಿ ಅವುಗಳನ್ನು ನೂರಾರು ಕೋಟಿಗಳಲ್ಲಿ ಎಣಿಸಬೇಕು. ಆದರೆ ಆಟದ ಚಿತ್ರವನ್ನು ತೆರೆಯ ಮೇಲೆ ಮೂಡಿಸುವ ಕೆಲಸವನ್ನು ಸಂಸ್ಕಾರಕವೊಂದೇ ಮಾಡುವುದಿಲ್ಲ. ಚೆಂಡು ಎಲ್ಲಿ ಬಿದ್ದಿತು, ಎದುರಾಳಿಯು ಯಾವ ಕಡೆಗೆ ತಿರುಗಿದನು ಎಂಬುದನ್ನು ಸಂಸ್ಕಾರಕವು ನಿರ್ಣಯಿಸುತ್ತದೆ. ಅದರಂತೆ ಚಿತ್ರವನ್ನು ಬಿಡಿಸಿ ಬಣ್ಣ ತುಂಬುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡು ಮಾಡುತ್ತದೆ. ಕಾರ್ಡು ಒಂದು ಚಿತ್ರವನ್ನು ಬಿಡಿಸುತ್ತಿರುವಾಗಲೇ ಸಂಸ್ಕಾರಕವು ಮುಂದಿನ ಚಿತ್ರದ ಲೆಕ್ಕದಲ್ಲಿ ತೊಡಗಿರುತ್ತದೆ.

ಈ ಜೋಡಿಯ ನಡಿಗೆಯನ್ನು ಒಂದು ಸಣ್ಣ ಲೆಕ್ಕದಿಂದ ಅರಿಯಬಹುದು. ಒಂದು ಚಿತ್ರಕ್ಕೆ ಸಂಸ್ಕಾರಕವು ಸೆಕೆಂಡಿನ 125ನೆಯ ಒಂದು ಭಾಗವನ್ನೂ ಕಾರ್ಡು 50ನೆಯ ಒಂದು ಭಾಗವನ್ನೂ ತೆಗೆದುಕೊಳ್ಳುತ್ತವೆ ಎಂದಿಟ್ಟುಕೊಳ್ಳಬಹುದು. ಆಗ ತೆರೆಯ ಮೇಲೆ ಸೆಕೆಂಡಿಗೆ 50 ಚಿತ್ರಗಳು ಮಾತ್ರ ಮೂಡುತ್ತವೆ. ಇಮ್ಮಡಿ ವೇಗದ ಸಂಸ್ಕಾರಕವನ್ನು ತಂದು ಕೂರಿಸಿದರೂ ಆ ಸಂಖ್ಯೆಯು 50ರಲ್ಲಿಯೇ ನಿಲ್ಲುತ್ತದೆ. ಅದೇ ಹಣದಿಂದ ಉತ್ತಮವಾದ ಕಾರ್ಡನ್ನು ಕೊಂಡಿದ್ದರೆ ಆಟವು ನಯವಾಗಿ ಸಾಗುತ್ತಿತ್ತು. ಮಿತವಾದ ಹಣದಲ್ಲಿ ಸಂಸ್ಕಾರಕಕ್ಕೆ ಸೇರಿಸಿದ ಪ್ರತಿಯೊಂದು ರೂಪಾಯಿಯೂ ಕಾರ್ಡಿನಿಂದ ಕಳೆದ ರೂಪಾಯಿಯೇ ಆಗಿರುತ್ತದೆ.

ಯಾವುದು ಹಿಂದೆ ಬಿದ್ದಿದೆ ಎಂಬುದನ್ನು ಪರೀಕ್ಷಿಸಲು ಖರ್ಚಿಲ್ಲದ ಉಪಾಯವೊಂದಿದೆ. 1920 ಅಡ್ಡ ಮತ್ತು 1080 ಉದ್ದ ಬಿಂದುಗಳ ತೆರೆಯಲ್ಲಿ ಒಟ್ಟು 20,73,600 ಬಿಂದುಗಳಿರುತ್ತವೆ. ಬಿಂದುಗಳ ಸಂಖ್ಯೆಯನ್ನು ಕಡಿಮೆ ಮಾಡಿದರೆ ಕಾರ್ಡಿನ ಹೊರೆ ಇಳಿಯುತ್ತದೆ. ಸಂಸ್ಕಾರಕದ ಹೊರೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಹೀಗೆ ಮಾಡಿದಾಗ ಚಿತ್ರಗಳ ವೇಗ ಹೆಚ್ಚಿದರೆ ಕಾರ್ಡು ದುರ್ಬಲವೆಂದೂ, ಹೆಚ್ಚದಿದ್ದರೆ ಬಹುಮಟ್ಟಿಗೆ ಸಂಸ್ಕಾರಕವು ದುರ್ಬಲವೆಂದೂ ತಿಳಿಯಬಹುದು. ಹಳೆಯ ಯಂತ್ರವನ್ನು ಸುಧಾರಿಸಲು ಹೊರಟವರು ಮೊದಲು ಮಾಡಬೇಕಾದ ಪರೀಕ್ಷೆ ಇದು.

ಸಂಸ್ಕಾರಕಗಳನ್ನು ತಮ್ಮತಮ್ಮಲ್ಲಿ ಹೋಲಿಸುವಾಗ ಜಾಹೀರಾತುಗಳು ಎರಡು ಅಂಕಿಗಳನ್ನು ದೊಡ್ಡದಾಗಿ ಕಾಣಿಸುತ್ತವೆ. ಒಂದು, ಕೋರ್‌ಗಳ ಸಂಖ್ಯೆ. ಇನ್ನೊಂದು, ಗಿಗಾಹರ್ಟ್ಸ್‌ಗಳಲ್ಲಿ ಹೇಳುವ ಮಿಡಿತದ ವೇಗ. ಕೋರ್ ಎಂದರೆ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಘಟಕ. 2018ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ ಸಂಚಾರ ಆರಂಭಿಸಿದ ‘ಚಿಗರಿ’ ಬಸ್ಸುಗಳ ನಿದರ್ಶನವು ಇಲ್ಲಿ ಉಪಯುಕ್ತವಾಗಿದೆ. ಬಸ್ಸುಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿದರೆ ಇಮ್ಮಡಿ ಜನರು ಪ್ರಯಾಣ ಮಾಡಬಹುದು. ಆದರೆ ಬಸ್ಸನ್ನೇರಿ ಕುಳಿತ ಒಬ್ಬ ಪ್ರಯಾಣಿಕನು ಅದರಿಂದ ಬೇಗನೆ ಧಾರವಾಡವನ್ನು ತಲುಪುವುದಿಲ್ಲ. ಆಟದ ಲೆಕ್ಕಗಳಲ್ಲಿ ಹಲವನ್ನು ಹಂಚಿಕೊಂಡು ಮಾಡಬಹುದು. ಕೆಲವನ್ನು ಒಂದಾದ ಮೇಲೊಂದರಂತೆ ಮಾಡಲೇಬೇಕು. ಆದುದರಿಂದ ಆರು ಕೋರ್‌ಗಳಿಂದ ಹನ್ನೆರಡಕ್ಕೆ ಏರಿದ ಮಾತ್ರಕ್ಕೆ ಆಟವು ಇಮ್ಮಡಿ ವೇಗವನ್ನು ಪಡೆಯದು.

ಮಿಡಿತದ ವೇಗವೂ ಪೂರ್ಣ ಸತ್ಯವನ್ನು ಹೇಳುವುದಿಲ್ಲ. 2017ರ ಕೋರ್ ಐ7-7700ಕೆ ಎಂಬ ಸಂಸ್ಕಾರಕಕ್ಕೆ ನಾಲ್ಕು ಕೋರ್‌ಗಳಿದ್ದು, ಅದರ ಗರಿಷ್ಠ ವೇಗ 4.5 ಗಿಗಾಹರ್ಟ್ಸ್. 2022ರ ಕೋರ್ ಐ3-12100ಕ್ಕೂ ನಾಲ್ಕೇ ಕೋರ್‌ಗಳಿವೆ. ಅದರ ಗರಿಷ್ಠ ವೇಗ 4.3 ಗಿಗಾಹರ್ಟ್ಸ್. ಅಂಕಿಯಲ್ಲಿ ಹಿಂದಿದ್ದರೂ ಕೆಲಸದಲ್ಲಿ ಸಾಮಾನ್ಯವಾಗಿ ಮುಂದಿರುವುದು ಹೊಸದೇ. ಅದು ಒಂದೊಂದು ಮಿಡಿತದಲ್ಲಿ ಹೆಚ್ಚು ಲೆಕ್ಕವನ್ನು ಮುಗಿಸುವುದೇ ಇದಕ್ಕೆ ಕಾರಣ. ‘ಏಳು’ ಎಂಬುದು ‘ಮೂರು’ ಎಂಬುದಕ್ಕಿಂತ ದೊಡ್ಡದೆಂದು ಹೆಸರನ್ನಷ್ಟೇ ನಂಬಿ ಹಳೆಯ ಯಂತ್ರಕ್ಕೆ ಹೆಚ್ಚಿನ ಬೆಲೆ ತೆರುವವರು ಮೋಸಹೋಗುತ್ತಾರೆ.

ಮೂರನೆಯದಾಗಿ ಗಮನಿಸಬೇಕಾದುದು ಕ್ಯಾಶ್ ಎಂಬ ಸಮೀಪದ ಸ್ಮೃತಿ. ವ್ಯಾಪಾರಿಯೊಬ್ಬನು ಪದೇ ಪದೇ ಬೇಕಾಗುವ ಸರಕನ್ನು ಕೈಗೆಟಕುವ ಕಪಾಟಿನಲ್ಲಿ ಇರಿಸಿಕೊಂಡರೆ ಪ್ರತಿ ಸಲವೂ ಅಮರಗೋಳದ ಉಗ್ರಾಣಕ್ಕೆ ಆಳನ್ನು ಅಟ್ಟಬೇಕಾಗುವುದಿಲ್ಲ. ಸಂಸ್ಕಾರಕದ ಒಳಗಿರುವ ಈ ಕಪಾಟು ದೊಡ್ಡದಾದಷ್ಟೂ ಅನೇಕ ಆಟಗಳು ಚುರುಕಾಗುತ್ತವೆ. ಎಎಂಡಿ ಸಂಸ್ಥೆಯ ರೈಜನ್ 5 5600 ಮತ್ತು 5600ಜಿ ಎಂಬ ಎರಡರಲ್ಲಿಯೂ ಆರು ಕೋರ್‌ಗಳಿವೆ. ಎರಡರ ಗರಿಷ್ಠ ವೇಗವೂ 4.4 ಗಿಗಾಹರ್ಟ್ಸ್. ಆದರೆ ಮೊದಲನೆಯದರ ಮೂರನೆಯ ಹಂತದ ಕ್ಯಾಶ್ 32 ಮೆಗಾಬೈಟ್, ಎರಡನೆಯದರದು 16 ಮೆಗಾಬೈಟ್. ಎರಡನೆಯದರಲ್ಲಿ ಚಿತ್ರ ಮೂಡಿಸುವ ಶಕ್ತಿಯು ಅಂತರ್ಗತವಾಗಿದೆ, ಮೊದಲನೆಯದರಲ್ಲಿ ಇಲ್ಲ. ಆದುದರಿಂದ ಪ್ರತ್ಯೇಕ ಕಾರ್ಡನ್ನು ಕೊಳ್ಳಬಲ್ಲವರಿಗೆ ಮೊದಲನೆಯದು ತಕ್ಕುದು. ಸದ್ಯಕ್ಕೆ ಕಾರ್ಡಿಲ್ಲದೆ ಸರಳವಾದ ಆಟಗಳನ್ನು ಆಡಿಕೊಂಡು, ಮುಂದೆ ಹಣ ಕೂಡಿದಾಗ ಕಾರ್ಡನ್ನು ತರಬೇಕೆನ್ನುವವರಿಗೆ ಎರಡನೆಯದು ತಕ್ಕುದು. ಇಂಟೆಲ್ ಸಂಸ್ಕಾರಕದ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದರೆ ಕಾರ್ಡಿಲ್ಲದೆ ತೆರೆಯು ಬೆಳಗುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು.

ಆಡುವ ಆಟದ ಸ್ವರೂಪವನ್ನೂ ಪರಿಗಣಿಸಬೇಕು. ಸಾವಿರಾರು ಜನರೂ ವಾಹನಗಳೂ ಓಡಾಡುವ ನಗರವನ್ನು ಕಟ್ಟುವ ಆಟಗಳು ಸಂಸ್ಕಾರಕವನ್ನು ದಣಿಸುತ್ತವೆ. ಕಾಡು, ಹೊಳೆ, ಬಿಸಿಲುನೆರಳುಗಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಆಟಗಳು ಕಾರ್ಡನ್ನು ದಣಿಸುತ್ತವೆ.

ಸಂಸ್ಕಾರಕದ ಬೆಲೆಯೊಡನೆ ಅದರ ಪರಿವಾರದ ಬೆಲೆಯನ್ನೂ ಕೂಡಿಸಿ ನೋಡಬೇಕು. ಪ್ರತಿಯೊಂದು ಸಂಸ್ಕಾರಕವೂ ತನಗೆ ಹೊಂದುವ ಕುಳಿಯುಳ್ಳ ಮದರ್‌ಬೋರ್ಡನ್ನೇ ಬಯಸುತ್ತದೆ. ಎಎಂಡಿ ಸಂಸ್ಥೆಯು 2022ರಲ್ಲಿ ತಂದ ಎಎಂ5 ಕುಳಿಗೆ ಡಿಡಿಆರ್5 ಎಂಬ ಹೊಸ ಬಗೆಯ ಸ್ಮೃತಿಯೇ ಬೇಕು. ಹಿಂದಿನ ಎಎಂ4 ಕುಳಿಗೆ ಡಿಡಿಆರ್4 ಸಾಕು. ಎಎಂ4 ಕುಳಿಯ ಹಳೆಯ ಮದರ್‌ಬೋರ್ಡ್‌ಗಳಲ್ಲಿ ಅನೇಕವು, ಅವುಗಳ ಒಳಗಿನ ತಂತ್ರಾಂಶವನ್ನು ನವೀಕರಿಸಿದರೆ, 2022ರ ಸಂಸ್ಕಾರಕವನ್ನೂ ಸ್ವೀಕರಿಸುತ್ತವೆ. ಅಂಥ ಯಂತ್ರವುಳ್ಳವರು ಒಂದೇ ಭಾಗವನ್ನು ಬದಲಿಸಿ ಉಳಿದ ಖರ್ಚನ್ನು ತಪ್ಪಿಸಿಕೊಳ್ಳಬಹುದು. ಬಯಲುಸೀಮೆಯ ಬೇಸಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅತಿಯಾಗಿ ಕಾದ ಸಂಸ್ಕಾರಕವು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸುತ್ತದೆ. ಧೂಳು ತುಂಬಿದ ಫ್ಯಾನು ಹೆಚ್ಚಿನ ಬೆಲೆಯ ಸಂಸ್ಕಾರಕವನ್ನು ಕಡಿಮೆ ಬೆಲೆಯದರ ಮಟ್ಟಕ್ಕೆ ಇಳಿಸಬಲ್ಲದು. ವಿದ್ಯುತ್ತನ್ನು ಒದಗಿಸುವ ಘಟಕವು ಕಳಪೆಯಾಗಿದ್ದರೆ ಇಡೀ ಯಂತ್ರಕ್ಕೇ ಅಪಾಯವುಂಟು.

ಹೀಗೆ ಆಡುವ ಆಟ, ಇರುವ ತೆರೆ, ಹೊಂದುವ ಕಾರ್ಡು, ಕೈಯಲ್ಲಿರುವ ಹಣ ಇವುಗಳನ್ನು ಮೊದಲು ಗೊತ್ತುಮಾಡಿಕೊಂಡು ಕೊನೆಗೆ ಸಂಸ್ಕಾರಕವನ್ನು ಆರಿಸಬೇಕು. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ‘ಅತ್ಯುತ್ತಮವಾದುದು ಯಾವುದು?’ ಎಂಬುದಲ್ಲ, ‘ಈ ಕಾರ್ಡಿಗೆ ಸಾಕಾಗುವುದು ಯಾವುದು?’ ಎಂಬುದು. ಸಾಕಾಗುವುದನ್ನು ಅರಿತು ಕೊಂಡವನ ಕೈಯಲ್ಲಿ ಪುಸ್ತಕಕ್ಕೂ ಒಂದಿಷ್ಟು ಹಣ ಉಳಿಯುತ್ತದೆ.