ಎಂಜಲಿನ ಲೆಕ್ಕ

ವಿಶ್ವವಿದ್ಯಾನಿಲಯದ ಹಾಸ್ಟೆಲೊಂದರಲ್ಲಿ ನಾನು ನಿಲಯಪಾಲಕನಾಗಿದ್ದಾಗ, ತಿಂಗಳ ಮೊದಲ ವಾರವೆಂದರೆ ಒಂದು ಬಗೆಯ ಅಳುಕು. ಮೆಸ್ಸಿನ ಬಿಲ್ಲು ಫಲಕವೇರುತ್ತಿದ್ದುದು ಆಗಲೇ. ತಿಂಗಳ ಖರ್ಚನ್ನೆಲ್ಲ ಕೂಡಿಸಿ, ಉಂಡ ದಿನಗಳಿಂದ ಭಾಗಿಸಿ, ಒಬ್ಬೊಬ್ಬನ ಪಾಲನ್ನು ಗೊತ್ತುಮಾಡುವ 'ಡಿವೈಡಿಂಗ್' ಪದ್ಧತಿಯನ್ನು ಹಾಸ್ಟೆಲಿನ ಅನ್ನ ಉಂಡವರೆಲ್ಲ ಬಲ್ಲರು. ಇದಕ್ಕಿಂತ ನ್ಯಾಯವಾದ ಏರ್ಪಾಡು ಇನ್ನೊಂದಿಲ್ಲವೆಂದು ನಾನೂ ನಂಬಿದ್ದೆ.

ಒಮ್ಮೆ ಹುಡುಗನೊಬ್ಬ ಬಾಕಿ ಕಟ್ಟಲು ಗಡುವು ಕೇಳಿಕೊಂಡು ಬಂದ. ತಂದೆ ಕೂಲಿ ಮಾಡುವವರು. ಗಡುವು ಕೊಟ್ಟೆ. ಹೊರಡುವಾಗ ಅವನು ತಲೆ ತಗ್ಗಿಸಿಯೇ ಕೇಳಿದ: "ಸಾರ್, ನಾನು ಒಂದು ಅಗುಳೂ ಬಿಡುವುದಿಲ್ಲ. ಬಕೆಟ್ಟಿಗೆ ಹೋದ ಅನ್ನದ ದುಡ್ಡನ್ನೂ ನಾನು ಕೊಡಬೇಕೇ?"

ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಕೈ ತೊಳೆಯುವಲ್ಲಿ ನಿಂತು ನೋಡಿದೆ. ಅನ್ನ, ಪಲ್ಯ, ಅರ್ಧ ಮುರಿದ ಚಪಾತಿಗಳಿಂದ ಬಕೆಟ್ಟುಗಳು ತುಂಬುತ್ತಿದ್ದವು. ಹುಡುಗರು ಕೆಟ್ಟವರಲ್ಲ. ಬಡಿಸುವ ಸೌಟು ದೊಡ್ಡದು. ಎರಡನೆಯ ಸಲ ಸಿಕ್ಕೀತೋ ಇಲ್ಲವೋ ಎಂಬ ಅನುಮಾನದಿಂದ ಮೊದಲೇ ರಾಶಿ ಹಾಕಿಸಿಕೊಳ್ಳುವರು. ಚೆಲ್ಲಿದ್ದರ ಬೆಲೆ ಎಲ್ಲರಿಗೂ ಹಂಚಿಹೋಗುವುದರಿಂದ ಯಾರಿಗೂ ತಟ್ಟುತ್ತಿರಲಿಲ್ಲ, ಬಡವನೊಬ್ಬನ ಹೊರತು.

ನಾವು ಮಾಡಿದ್ದು ಅಲ್ಪ. ಸೌಟನ್ನು ಕಿರಿದು ಮಾಡಿ, ಕೇಳಿದಷ್ಟು ಸಲ ಬಡಿಸುವ ಭರವಸೆ ಕೊಟ್ಟೆವು. ಊಟಕ್ಕಿಲ್ಲದವರು ಹಿಂದಿನ ಸಂಜೆಯೇ ಹೆಸರು ಬರೆಯುವಂತೆ ಮಾಡಿದೆವು. ಪ್ರತಿ ರಾತ್ರಿ ಎಂಜಲನ್ನು ತೂಗಿ ಕರಿಹಲಗೆಯ ಮೇಲೆ ಅಂಕಿ ಬರೆಸಿದೆವು. ಉಪದೇಶ ಮಾಡಲಿಲ್ಲ. ಅಂಕಿ ನೋಡಿ ಮೊದಲು ನಕ್ಕವರೇ, ಅದು ಏರಿದ ದಿನ ಕಾರಣ ಕೇಳತೊಡಗಿದರು.

ನಮ್ಮ ಬಕೆಟ್ಟು ಲೋಕದ ಬಕೆಟ್ಟಿನ ಒಂದು ಹನಿ. 2022ರಲ್ಲಿ ಜಗತ್ತು ಚೆಲ್ಲಿದ ಆಹಾರ, ಸಿಪ್ಪೆ ಮೂಳೆಗಳೂ ಸೇರಿ, ಸುಮಾರು 105 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಹೇಳುತ್ತದೆ. ಬಳಕೆದಾರರಿಗೆ ಒದಗಿದ್ದರಲ್ಲಿ ಇದು ಶೇಕಡ 19. ಒಂದು ಕಿಲೋ ಅಕ್ಕಿಯ ಹಿಂದೆ ಸರಾಸರಿ 2,500 ಲೀಟರ್ ನೀರಿದೆ. ಕಸದ ರಾಶಿಯಲ್ಲಿ ಗಾಳಿಯಿಲ್ಲದೆ ಕೊಳೆತ ಅನ್ನ ಮಿಥೇನ್ ಅನಿಲವಾಗಿ ಭೂಮಿಯನ್ನು ಕಾಯಿಸುತ್ತದೆ. ಅದೇ ಅನಿಲವನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದರೆ ಒಲೆಯ ಉರಿಯಾಗುತ್ತದೆ. ಕೆಲವು ವಿದ್ಯಾಸಂಸ್ಥೆಗಳು ಹಾಗೆ ಮಾಡುತ್ತಿವೆ, ಸಂತೋಷ. ಆದರೆ ಆ ಹುಡುಗನ ಪ್ರಶ್ನೆಗೆ ಅದು ಉತ್ತರವಲ್ಲ. ಉಣ್ಣಬೇಕಾದ ಅನ್ನ ಉರಿಯಾದರೂ ನಷ್ಟವೇ.

ಹಿಂದೆ ವಾರಾನ್ನದಿಂದ ಓದಿದವನಿಗೆ ತಾನು ಉಂಡ ತುತ್ತು ಯಾವ ಮನೆಯದೆಂದು ತಿಳಿದಿತ್ತು. ಮೆಸ್ಸಿನಲ್ಲಿ ಆ ಮನೆ ಮರೆಯಾಗುತ್ತದೆ; ಅದನ್ನು ಕಾಣಿಸಲೆಂದೇ ಕರಿಹಲಗೆ.

ಮುಂದಿನ ತಿಂಗಳ ಬಿಲ್ಲು ತುಸು ಇಳಿಯಿತು. ಹುಡುಗ ಬಂದು ಬಾಕಿ ಕಟ್ಟಿ ಹೋದ. ಹಳೆಯ ಪ್ರಶ್ನೆಯನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.